ಎಲೋದಿಯಾ ಅಂಗಡಿಯ ಸಾರು

ಪುನಾತಾ
ಮಂಗಳವಾರ, 12 ಏಪ್ರಿಲ್ 2016

ಮಗಳು ನೊರ್ಕಾಳಿಗೆ,

ಟಿವಿಯವರು ನಿನ್ನ ಮೊಬೈಲನ್ನು ಕಿತ್ತಿಟ್ಟುಕೊಂಡಿದ್ದಾರಂತೆ. ಅಡುಗೆ ಸ್ಪರ್ಧೆಗೆ ಬಂದ ಹದಿನಾಲ್ಕು ಜನರನ್ನು ಒಂದೇ ಮನೆಯಲ್ಲಿ ಕೂಡಿಹಾಕಿ, ಫೋನು ಕಸಿದುಕೊಂಡು, ಚಾಕುಗಳನ್ನು ಮಾತ್ರ ಅವರ ಕೈಯಲ್ಲೇ ಬಿಡುವುದು ಯಾವ ಬುದ್ಧಿವಂತನ ಯೋಚನೆಯೋ ತಿಳಿಯದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಲಾ ಪಾಸಿಗೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಅಂಚೆಗಿಂತ ಬೇಗ ಸೇರುತ್ತದೆ, ದಾರಿಯಲ್ಲಿ ಅವನು ಓದಿದರೂ ಅಡ್ಡಿಯಿಲ್ಲ. ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ.

'ಬಂಗಾರದ ಸೌಟು' ಕಾರ್ಯಕ್ರಮದ ಮೊದಲ ಕಂತನ್ನು ದೊನ್ಯಾ ಎಲೋದಿಯಾಳ ಅಂಗಡಿಯಲ್ಲಿ ನೋಡಿದೆ. ಸಂತೆಯ ಮೂಲೆಯ ಅವಳ ಸಾರಿನ ಅಂಗಡಿಗೆ ಈಗ ಗೋಡೆಯಷ್ಟಗಲದ ಟಿವಿ ಬಂದಿದೆ. ಮೊದಲೆಲ್ಲ ಜನ ತಮ್ಮ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು, ಈಗ ಪರರ ತಟ್ಟೆ ನೋಡಿಕೊಂಡು ಉಣ್ಣುತ್ತಾರೆ. ಸಾರೂ ಮೊದಲಿನಂತಿಲ್ಲ. ಒಂದು ವರ್ಷದಿಂದ ನೀರುನೀರಾಗಿದೆ. ಕೇಳಿದರೆ "ಕಡಲೆಕಾಯಿ ಈಗ ಮೊದಲಿನ ಹಾಗೆ ಎಲ್ಲಿ ಬರ್ತದೆ ದೋನ್ ಎವರಿಸ್ಟೋ" ಎನ್ನುತ್ತಾಳೆ. ಈ ಕಾಲದಲ್ಲಿ ತಪ್ಪೆಲ್ಲ ಕಡಲೆಕಾಯಿಯದ್ದೇ.

ನಿಮ್ಮ ತೀರ್ಪುಗಾರರ ವಿಷಯ. ಒಬ್ಬ ಕಣ್ಣು ಮುಚ್ಚಿಕೊಂಡು ಅಗಿಯುತ್ತಾನೆ. ನಮ್ಮ ಕಡೆ ಊಟದ ನಡುವೆ ಕಣ್ಣು ಮುಚ್ಚಿದವನಿಗೆ ಕಲ್ಲು ಸಿಕ್ಕಿತೆಂದೇ ಅರ್ಥ. ಇನ್ನೊಬ್ಬಳು ತುತ್ತು ನುಂಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾಳೆಂದರೆ, ಅಷ್ಟರಲ್ಲಿ ಹಾಸಿಗೆಯ ಜಾಹೀರಾತು, ಶಾಂಪೂವಿನ ಜಾಹೀರಾತು, ಸಂಧಿನೋವಿನ ಮುಲಾಮು ಎಲ್ಲ ಬಂದು ಹೋಗುತ್ತವೆ. ನೀನು ಕಡಲೆಕಾಯಿ ಸಾರನ್ನು ನೊರೆ ಮಾಡಿ ಬಡಿಸಿದೆ. ಗೂಳಿ ಕಾಳಗದ ಕಣದಷ್ಟು ದೊಡ್ಡ ತಟ್ಟೆ, ಅದರ ನಡುವೆ ಬಚ್ಚಲಿನ ನೊರೆಯಷ್ಟು ಸಾರು. ಎಲೋದಿಯಾ ನೋಡಿ, "ಮಗು ಪಾತ್ರೆ ತೊಳೀತಾ ಇದೆಯಾ, ಅಡುಗೆ ಶುರು ಮಾಡಿದೆಯಾ?" ಎಂದಳು. ನಾನು ನಿನ್ನ ಪರ ವಾದಿಸಿದೆ ಎಂಬುದು ನಿನಗೆ ತಿಳಿದಿರಲಿ.

ಇಂಥ ಕಾರ್ಯಕ್ರಮಕ್ಕೆ ಇಂಗ್ಲಿಷಿನಲ್ಲಿ 'ರಿಯಾಲಿಟಿ' ಎನ್ನುತ್ತಾರಂತೆ. ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದಾಗ ರಿಯಾಲಿಟಿಗೆ ಹಿನ್ನೆಲೆ ಸಂಗೀತ ಇರಲಿಲ್ಲ.

ಒಂದು ಮುಖ್ಯ ಮಾತು. ಜುಲೈ ಹದಿನೇಳು, ಭಾನುವಾರ, ನಿನ್ನ ಅಮ್ಮ ಸಬೀನಾ ಹೋಗಿ ವರ್ಷವಾಗುತ್ತದೆ. ಈ ಶೋಕದ ಕಪ್ಪು ಕೋಟು, ಕಪ್ಪು ಟೈ ನಾನಾಗಿಯೇ ತೆಗೆಯುವ ಹಾಗಿಲ್ಲ. ನೆಂಟರೆದುರು ಮಕ್ಕಳು ಬಿಚ್ಚಬೇಕು, ಬಣ್ಣದ ಅಂಗಿ ತೊಡಿಸಬೇಕು. ಮಕ್ಕಳೆಂದರೆ ನನಗೆ ನೀನೊಬ್ಬಳೇ. ಗೆದ್ದರೂ ಸೋತರೂ ಆ ದಿನ ಇಲ್ಲಿರು.

ನಿನ್ನ ತಂದೆ,
ಎವರಿಸ್ಟೋ ರೊಕಬಾದೊ
(ನಾಗರಿಕ ನೋಂದಣಿ ಕಚೇರಿಯ ನಿವೃತ್ತ ಗುಮಾಸ್ತ)


ಲಾ ಪಾಸ್
24 ಏಪ್ರಿಲ್ 2016

ಅಪ್ಪನಿಗೆ,

ಕಾಗದ ಸಿಕ್ಕಿತು. ಮಗಳಿಗೆ ಬರೆಯುವಾಗಲೂ ಹೆಸರಿನ ಕೆಳಗೆ ಹುದ್ದೆ ಹಾಕುವವರು ಈ ದೇಶದಲ್ಲಿ ನೀವೊಬ್ಬರೇ ಇರಬೇಕು.

ಉಳಿದವರು ಈಗ ಒಂಬತ್ತು ಜನ. ಮುಂದಿನ ವಾರದ ಸುತ್ತಿಗೆ 'ನನ್ನ ಮನೆಯ ರುಚಿ' ಎಂದು ಹೆಸರು. ಅಡುಗೆಯ ಜೊತೆಗೆ ಒಂದು ಕಥೆಯನ್ನೂ ಬಡಿಸಬೇಕು. ಅಜ್ಜಿ ಸತ್ತದ್ದು, ಗಂಡ ಬಿಟ್ಟುಹೋದದ್ದು, ಹೀಗೆ ಏನಾದರೂ. ಕಥೆಯಿಲ್ಲದವರಿಗೆ ಕಥೆ ಹುಡುಕಿಕೊಡಲು ಒಬ್ಬಳನ್ನೇ ಇಟ್ಟಿದ್ದಾರೆ, ಸಂಬಳ ಕೊಟ್ಟು. ನನ್ನ ಬಳಿ ಬಂದು, "ನಿಮ್ಮ ತಾಯಿ ಬಡವರಾಗಿದ್ರು ಅಂತ ಹೇಳೋಣವಾ?" ಎಂದಳು. ಬೇಡ, ಇದ್ದದ್ದನ್ನೇ ಹೇಳುತ್ತೇನೆ ಎಂದೆ.

ಅಮ್ಮನ ಬಗ್ಗೆ ಹೇಳುತ್ತೇನೆ. ನಿಮ್ಮ ಬಗ್ಗೆಯೂ ಬರುತ್ತದೆ. ನೋಡಬೇಡಿ ಎಂದರೂ ನೀವು ನೋಡುತ್ತೀರಿ. ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ಅಮ್ಮ ನನಗೆ ಹೇಳಿದ ವಿಷಯ ಅದು. ನಿಮಗೆ ಹೇಗೆ ಹೇಳಬೇಕೆಂದು ಒಂಬತ್ತು ತಿಂಗಳು ಯೋಚಿಸಿದೆ, ದಾರಿ ಸಿಗಲಿಲ್ಲ.

ಹದಿನೇಳಕ್ಕೆ ಬರುತ್ತೇನೆ.

ನೊರ್ಕಾ


ಪುನಾತಾ
ಬುಧವಾರ, 4 ಮೇ 2016

ನೊರ್ಕಾ,

ಇಡೀ ದೇಶಕ್ಕೆ ಹೇಳಲು ದಾರಿ ಸಿಕ್ಕಿತು, ಅಪ್ಪನಿಗೆ ಹೇಳಲು ಸಿಗಲಿಲ್ಲ.

ನೀನು ಹೇಳಿದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ನಿನ್ನ ಬಾಯಿಂದ ಬಂದದ್ದು ನಿನ್ನ ಕಣ್ಣಿಗೂ ಬೀಳಲಿ. "ನಮ್ಮಮ್ಮ ಸಂತೇಲಿ ಸಾರಿನ ಅಂಗಡಿ ಇಡ್ತೀನಿ ಅಂದ್ಲು, ಅಪ್ಪ ಬಿಡಲಿಲ್ಲ. ಗುಮಾಸ್ತನ ಹೆಂಡತಿ ಸಂತೇಲಿ ಸೌಟು ಹಿಡಿಯೋದಾ ಅಂದ್ರು. ಇಪ್ಪತ್ತೆರಡು ವರ್ಷ, ಪ್ರತಿ ಮಂಗಳವಾರ ಬೆಳಗ್ಗೆ, ಇಗರ್ಜಿಗೆ ಹೋಗ್ತೀನಿ ಅಂತ ಹೇಳಿ ಅಮ್ಮ ಸಾರು ತಗೊಂಡು ಹೋಗಿ ದೊನ್ಯಾ ಎಲೋದಿಯಾ ಅಂಗಡೀಲಿ ಇಟ್ಟು ಬರೋಳು. ಮಧ್ಯಾಹ್ನ ಅಪ್ಪ ಅಲ್ಲಿಗೇ ಹೋಗಿ ಉಣ್ಣೋರು. ಸಾಯಂಕಾಲ ಮನೆಗೆ ಬಂದು, ಸಾರು ಅಂದ್ರೆ ಎಲೋದಿಯಾದು, ನೀನೂ ಇದ್ದೀಯ, ಅಂತ ಅಮ್ಮಂಗೆ ಹೇಳೋರು."

ಆಮೇಲೆ ಪಿಟೀಲು. ತೀರ್ಪುಗಾರ ಕಣ್ಣೊರೆಸಿಕೊಂಡ. ಆಮೇಲೆ ಶಾಂಪೂ.

ನಾನು ಎಲ್ಲಿ ಕೂತಿದ್ದೆ ಗೊತ್ತೇ? ಅದೇ ಅಂಗಡಿಯಲ್ಲಿ, ಅದೇ ಸಾರಿನ ಮುಂದೆ, ಮೂವತ್ತು ಜನರ ನಡುವೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಎದ್ದು ಬೈದು ಹೊರಡಬಹುದಿತ್ತು. ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡುತ್ತ ಕೂತರು. ಎಲೋದಿಯಾ ಸೌಟನ್ನು ಕೆಳಗಿಟ್ಟು, "ಸಬೀನಾ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು ದೋನ್ ಎವರಿಸ್ಟೋ. ನಾನೇನ್ ಮಾಡ್ಲಿ" ಎಂದಳು. ಅವಳು ಏನು ಹೇಳಿದರೇನು. ಹೆಸರು ಬರೆಯಲು ಬಾರದವಳು.

ನಗು ಮಾರನೆಯ ದಿನ ಶುರುವಾಯಿತು. ಕ್ಷೌರದ ಹೆನಾರೊ ನನ್ನ ಗಲ್ಲಕ್ಕೆ ಸೋಪು ಹಚ್ಚುತ್ತ, "ನೊರೆ ಸಾಕಾ ದೋನ್ ಎವರಿಸ್ಟೋ, ಇನ್ನೊಂದು ಸೌಟು ಬಡಿಸ್ಲಾ?" ಎಂದ.

"ಕೆಲಸ ನೋಡು," ಎಂದೆ.

"ನೋಡ್ತಾನೇ ಇದೀನಿ. ಆದ್ರೂ ಇಪ್ಪತ್ತೆರಡು ವರ್ಷ ನಾಲಿಗೆಗೆ ಗೊತ್ತಾಗ್ಲಿಲ್ವಾ? ನಮ್ಮ ನಾಯೀನೂ ಯಾರ ಮನೆ ಮೂಳೆ ಅಂತ ಹೇಳ್ತದೆ."

ಅರ್ಧ ಗಡ್ಡದಲ್ಲೇ ಎದ್ದು ಬಂದೆ. ಉಳಿದರ್ಧವನ್ನು ಮನೆಯಲ್ಲಿ ಕೆರೆದುಕೊಂಡೆ.

ಹಿಂದೆ ಮನೆಯ ಮಾತು ಬೀದಿಗೆ ಬರಲು ಒಬ್ಬ ಕುಡುಕನಾದರೂ ಬೇಕಿತ್ತು. ಈಗ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ತಾವೇ ಹೇಳುತ್ತಾರೆ, ಜನ ಮನೆಯಿಂದಲೇ ಫೋನಿನಲ್ಲಿ ಅಂಕ ಹಾಕುತ್ತಾರೆ.

ನಾನೂ ಸುಮ್ಮನೆ ಕೂತಿಲ್ಲ. ನಿಮ್ಮ ಕಾರ್ಯಕ್ರಮದ ಒಡೆಯರು ಹೊರದೇಶದ ಕಂಪನಿಯವರೆಂದು ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರುತ್ತದೆ, ವಿಳಾಸದ ಸಮೇತ. ಅವರಿಗೆ ಇಂಗ್ಲಿಷಿನಲ್ಲಿಯೇ ಬರೆದೆ. ನಲವತ್ತೈದು ವರ್ಷದ ಮೇಲೆ ಕಾಲೇಜು ಕೈಗೆ ಬಂತು. ಮುಖ್ಯ ವಾಕ್ಯ ಇದು: 'ದ ಸ್ಟೋರಿ ಆಫ್ ಮೈ ಡಾಟರ್ ಈಸ್ ಎ ಗ್ರೇಟ್ ಡಿಸೆಪ್ಶನ್ ಫಾರ್ ಮಿ ಆಂಡ್ ಫಾರ್ ಆಲ್ ದ ಟೌನ್.' ನಮ್ಮ ಭಾಷೆಯ 'ದೆಸೆಪ್ಸಿಯೋನ್' ಪದವನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಅಂದರೆ, ನಿನ್ನ ಕಥೆಯಿಂದ ನನಗೂ ಊರಿಗೂ ದೊಡ್ಡ ನಿರಾಸೆಯಾಯಿತು ಎಂದು. ಕೊನೆಯಲ್ಲಿ 'ಐ ಆಮ್ ಎ ಸೆನ್ಸಿಬಲ್ ಮ್ಯಾನ್' ಎಂದೂ ಬರೆದೆ. ತಂದೆಯ ಮನಸ್ಸು ಬೇಗ ನೋಯುತ್ತದೆಂದು ಅವರಿಗೂ ತಿಳಿಯಲಿ.

ಹದಿನೇಳಕ್ಕೆ ನೀಲಿ ಅಂಗಿ ಹೊಲಿಯಲು ಕೊಟ್ಟಿದ್ದೇನೆ.

ಎವರಿಸ್ಟೋ ರೊಕಬಾದೊ


ಲಾ ಪಾಸ್
21 ಮೇ 2016

ಅಪ್ಪ,

ಮೊಬೈಲು ವಾಪಸು ಕೊಟ್ಟಿದ್ದಾರೆ. ಯಾಕೆಂದರೆ ನನ್ನನ್ನು ಆ ಮನೆಯಿಂದ ಹೊರಗೆ ಹಾಕಿದ್ದಾರೆ. ಆದರೂ ಫೋನು ಮಾಡುವುದಿಲ್ಲ. ಫೋನಿನಲ್ಲಿ ನೀವೇ ಮಾತಾಡುತ್ತೀರಿ.

ಇಂಗ್ಲಿಷಿನಲ್ಲಿ ಡಿಸೆಪ್ಶನ್ ಎಂದರೆ ನಿರಾಸೆ ಅಲ್ಲ. ವಂಚನೆ. ಮೋಸ. ನೀವು ಬರೆದದ್ದನ್ನು ಅವರು ಓದಿದ್ದು ಹೀಗೆ: 'ನನ್ನ ಮಗಳ ಕಥೆ ನನಗೂ ಇಡೀ ಊರಿಗೂ ಮಾಡಿದ ದೊಡ್ಡ ಮೋಸ.' ಸೆನ್ಸಿಬಲ್ ಎಂದರೆ ಮನಸ್ಸು ನೋಯುವವನಲ್ಲ, ವಿವೇಕಿ. ವಿವೇಕಿಯಾದ ತಂದೆಯೇ ಸಹಿ ಹಾಕಿ, ಹುದ್ದೆ ಬರೆದು, ಮಗಳು ಸುಳ್ಳುಗಾತಿ ಎಂದ ಮೇಲೆ ಯಾರು ತಾನೆ ನಂಬುವುದಿಲ್ಲ?

ಕಳೆದ ವರ್ಷ ಬೇರೆಲ್ಲೋ ಒಬ್ಬಳು ಬದುಕಿದ್ದ ಅಜ್ಜಿಯನ್ನು ತೆರೆಯ ಮೇಲೆ ಸಾಯಿಸಿ ಗೆದ್ದಳಂತೆ. ಅದಾದ ಮೇಲೆ ಸುಳ್ಳು ಕಥೆಗೆ ಕ್ಷಮೆಯಿಲ್ಲ ಎಂಬ ನಿಯಮ ಮಾಡಿದ್ದಾರೆ. ನಾನು ಕೊನೆಯ ಐವರಲ್ಲಿದ್ದೆ, ಅಪ್ಪ.

ಒಂದು ದಾರಿ ಇದೆ. ದೊನ್ಯಾ ಎಲೋದಿಯಾ ಸಾಕ್ಷಿ ಹೇಳುತ್ತೇನೆ ಎಂದಳು, ಅವರು ಒಪ್ಪಲಿಲ್ಲ. ದೂರು ಕೊಟ್ಟವರೇ ಬರೆಯಬೇಕಂತೆ. ಜೂನ್ ಆರರೊಳಗೆ ನಿಮ್ಮ ಕೈಬರಹದಲ್ಲಿ, ನಮ್ಮ ಭಾಷೆಯಲ್ಲೇ, ಒಂದು ಸಾಲು ಸಾಕು: 'ನನ್ನ ಮಗಳು ಹೇಳಿದ್ದು ನಿಜ.' ನಾಲ್ಕು ಪದ. ನೀವು ದಿನಕ್ಕೆ ನಾಲ್ಕು ಸಾವಿರ ಆಡುತ್ತೀರಿ.

ನೊರ್ಕಾ


ಪುನಾತಾ
ಸೋಮವಾರ, 30 ಮೇ 2016

ಮಗಳೇ,

ಕಪಾಟಿನಿಂದ ನಿಘಂಟು ತೆಗೆದೆ. ನೀನು ಹೇಳಿದ್ದು ಸರಿ. ಕೆಲವು ಪದಗಳು ಹೀಗೆ ಮೋಸ ಮಾಡುತ್ತವೆ, ಮುಖ ನೋಡಿದರೆ ನಮ್ಮ ಮನೆಯವರದ್ದೇ, ಮಾತಾಡಿಸಿದರೆ ಬೇರೆಯವರ ನೆಂಟರು. ನಮ್ಮ ಕಾಲದ ಪ್ರೊಫೆಸರ್ ಒಬ್ಬರು ಈ ಬಗ್ಗೆ ಇಡೀ ಒಂದು ತರಗತಿ ತೆಗೆದುಕೊಂಡಿದ್ದರು. ಆ ದಿನ ನಾನು ಯಾಕೆ ಹೋಗಿರಲಿಲ್ಲ ಎಂದು ಯೋಚಿಸಿದೆ. ನಿನ್ನ ಅಮ್ಮನನ್ನು ಮೊದಲ ಸಲ ನೋಡಲು ಹೋಗಿದ್ದೆ. ಅವಳ ತಾಯಿ ಸಾರು ಬಡಿಸಿದ್ದಳು.

ಇಂಗ್ಲಿಷರ ಬಗ್ಗೆ ನನಗೆ ಗೌರವ ಕಡಿಮೆಯಾಗಿದೆ. ನಿರಾಸೆಗೆ ಅವರಲ್ಲಿ ಇರುವ ಪದ ರೈಲಿನಷ್ಟು ಉದ್ದ, ಮೋಸಕ್ಕೆ ಮಾತ್ರ ನಮ್ಮ ನಿರಾಸೆಯನ್ನು ಕದ್ದು ಇಟ್ಟುಕೊಂಡಿದ್ದಾರೆ. ಮೊನ್ನೆ ಟಿವಿಯಲ್ಲಿ ಒಬ್ಬ ಅಡುಗೆಯವನು ನಮ್ಮ ಅರೆಯುವ ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ಪೂರ್ವಜರ ತಂತ್ರಜ್ಞಾನ' ಎಂದ. ನಿನ್ನ ಅಮ್ಮ ಅದರ ಮುಂದೆ ಮಂಡಿಯೂರಿ ಕೂರುತ್ತಿದ್ದಾಗ ಅದನ್ನು ಸೊಂಟನೋವು ಎನ್ನುತ್ತಿದ್ದೆವು.

ಈಗ ನೀನು ಕೇಳಿದ ವಿಷಯ. ಈ ಕಾಗದದ ಜೊತೆ ತಿದ್ದುಪಡಿ ಪತ್ರ ಇಟ್ಟಿದ್ದೇನೆ. 'ಹಿಂದಿನ ಕಾಗದದ ಡಿಸೆಪ್ಶನ್ ಎಂಬ ಪದವನ್ನು ನಿರಾಸೆ ಎಂದು ಓದಿಕೊಳ್ಳತಕ್ಕದ್ದು' ಎಂದು ಸ್ಪಷ್ಟವಾಗಿ ಬರೆದು, ಸಹಿ ಮಾಡಿ, ಇಗರ್ಜಿಯ ಮೊಹರು ಹಾಕಿಸಿದ್ದೇನೆ. ಮೋಸ ಎಂಬ ಆರೋಪ ಇದರಿಂದ ಬಿದ್ದುಹೋಯಿತು.

ಅದಕ್ಕಿಂತ ಹೆಚ್ಚಿಗೆ ನಾನು ಬರೆಯಲಾರೆ. ಮೂವತ್ತೊಂದು ವರ್ಷ ಜನನ ಮರಣ ಬರೆದವನು ನಾನು. ಕೂಸನ್ನು ತಂದು ತೋರಿಸದೆ ಜನನ ಬರೆದಿಲ್ಲ. ನಿನ್ನ ಅಮ್ಮ ಸಾರಿನ ಪಾತ್ರೆ ಹೊತ್ತು ಹೋದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ನೋಡದ್ದಕ್ಕೆ ನಿಜ ಎಂದು ಹೇಗೆ ಸಹಿ ಹಾಕಲಿ? ಊರವರಿಗೆ ಹೇಗೆ ಮುಖ ತೋರಿಸಲಿ ಎಂಬುದು ಬೇರೆ ಮಾತು.

ನೀಲಿ ಅಂಗಿ ಹೊಲಿದು ಬಂತು. ಕತ್ತಿನ ಬಳಿ ಸ್ವಲ್ಪ ಬಿಗಿ.

ನಿನ್ನ ತಂದೆ,
ಎವರಿಸ್ಟೋ


ಲಾ ಪಾಸ್
12 ಜೂನ್ 2016

ಅಪ್ಪ,

ನಿಮ್ಮ ತಿದ್ದುಪಡಿಯನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದರು. ಇಗರ್ಜಿಯ ಮೊಹರು ಕಂಡು ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನನ್ನು ಕೇಳಿದರು, "ನಿಮ್ಮ ತಂದೆಗೆ ನಿರಾಸೆ ಆಗಿದೆ, ಸರಿ. ಕಥೆ ನಿಜಾನಾ ಸುಳ್ಳಾ? ಅದನ್ನ ಯಾಕೆ ಬರೆದಿಲ್ಲ?"

"ಅವರು ನೋಡಿಲ್ಲವಂತೆ," ಎಂದೆ.

"ಹಾಗಾದ್ರೆ ನಾವೂ ನೋಡಿಲ್ಲ," ಎಂದರು.

ನನ್ನ ಜಾಗಕ್ಕೆ ಮೊದಲು ಸೋತು ಹೋಗಿದ್ದ ಒಬ್ಬನನ್ನು ವಾಪಸು ಕರೆಸಿದ್ದಾರೆ. ಪತ್ರಿಕೆಯಲ್ಲಿ 'ಸಾರಿನ ಸುಳ್ಳುಗಾತಿ' ಎಂದು ಬಂತು. ಅಮ್ಮ ಇಪ್ಪತ್ತೆರಡು ವರ್ಷ ಬೇರೆಯವಳ ಹೆಸರಲ್ಲಿ ಅಡುಗೆ ಮಾಡಿದಳು. ಒಂದೇ ಒಂದು ಸಲ ಅವಳ ಹೆಸರಲ್ಲಿ ಆಗಿತ್ತು. ಅದೂ ಈಗ ಸುಳ್ಳೆಂದು ದಾಖಲಾಯಿತು.

ಹೋಟೆಲುಗಳಲ್ಲಿ ಕೆಲಸ ಕೇಳಿದರೆ ಮುಖ ಗುರುತಿಸುತ್ತಾರೆ. ಕಡೆಗೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಸಿಕ್ಕಿತು. ಅಲ್ಲಿ ಉಪ್ಪು ಹಾಕುವ ಹಾಗಿಲ್ಲ.

ಹದಿನೇಳಕ್ಕೆ ಬರುತ್ತೇನೆ. ಅಮ್ಮನಿಗಾಗಿ.

ನೊರ್ಕಾ


ಲಾ ಪಾಸ್
19 ಜುಲೈ 2016

ಅಪ್ಪ,

ಭಾನುವಾರ ಎರಡು ಗಂಟೆಗೆ ಬಂದು ನಾಲ್ಕು ಗಂಟೆಯ ಬಸ್ಸಿಗೆ ಹೊರಟೆನೆಂದು ಚಿಕ್ಕಮ್ಮ ಫೋನಿನಲ್ಲಿ ಬೈದಳು. ಊರವರು ಏನೆಂದುಕೊಂಡರು ಎಂದಳು. ಅವಳಿಗೆ ಹೇಳದ್ದನ್ನು ನಿಮಗೆ ಬರೆಯುತ್ತೇನೆ.

ಅಂಗಳದ ಮಧ್ಯೆ ಕುರ್ಚಿ ಹಾಕಿಸಿಕೊಂಡು ಕಪ್ಪು ಕೋಟಿನಲ್ಲಿ ಕೂತಿದ್ದಿರಿ. ಸುತ್ತ ನಲವತ್ತು ಜನ, ಎಲ್ಲರ ಮುಷ್ಟಿಯಲ್ಲಿ ಬಣ್ಣದ ಕಾಗದದ ಚೂರು. ನೀವು ಟಿವಿಯ ಬಗ್ಗೆ ಭಾಷಣ ಮಾಡುತ್ತಿದ್ದಿರಿ. ಈಗಿನವರು ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕಿಕೊಳ್ಳುವ ಬದಲು ಫೋಟೋ ತೆಗೆಯುತ್ತಾರೆ ಎಂದಿರಿ, ಜನ ನಕ್ಕರು. ಚೆನ್ನಾಗಿಯೇ ಮಾತಾಡುತ್ತೀರಿ. ಜೋಳದ ಹೆಂಡ ಚಿಚಾದ ಬಟ್ಟಲು ಹಿಡಿದಿದ್ದ ದೊನ್ಯಾ ಎಲೋದಿಯಾ ನಡುವೆ ಬಾಯಿ ಹಾಕಿದಳು. "ಇವತ್ತಾದ್ರೂ ಹೇಳ್ಬಿಡಿ ದೋನ್ ಎವರಿಸ್ಟೋ. ಮಗು ಇಲ್ಲೇ ಇದೆ, ಜನಾನೂ ಇದಾರೆ. ಸಬೀನಾಳ ಸಾರು ಅಂತ ಒಂದ್ಸಲ ಅಂದ್ರೆ ನಿಮ್ಮ ಗಂಟೇನು ಹೋಗ್ತದೆ?"

ನೀವು ಅವಳಿಗೆ, "ಮೊನ್ನೆ ಕೆಟ್ಟಿದ್ದ ನಿನ್ನ ಅಂಗಡಿ ಟಿವಿ ಸರಿಯಾಯ್ತಾ ದೊನ್ಯಾ?" ಎಂದಿರಿ. ಜನ ಮತ್ತೆ ನಕ್ಕರು.

ನಾನು ಟೈ ಬಿಚ್ಚಿದೆ. ಕೋಟಿನ ಗುಂಡಿ ಬಿಚ್ಚುವಾಗ ನಿಮ್ಮ ಕಿವಿಯಲ್ಲಿ, "ನನಗಾಗಿ ಬೇಡ, ಸ್ಪರ್ಧೆ ಮುಗೀತು. ಅಮ್ಮಂಗೋಸ್ಕರ ಹೇಳಿ. ಒಂದೇ ಮಾತು" ಎಂದೆ. ಕೇಳಿಸಿತು ನಿಮಗೆ. ಆಮೇಲೆ ಹೇಳಿದಿರಿ, "ಮೂರನೇ ಗುಂಡಿ ಸಡಿಲ ಇದೆ, ಹುಷಾರಾಗಿ ತೆಗಿ."

ಹುಷಾರಾಗಿ ತೆಗೆದೆ. ನೀಲಿ ಅಂಗಿ ತೊಡಿಸಿದೆ. ಜನ ಬಣ್ಣದ ಚೂರು ಎರಚಿದರು, ವಾದ್ಯದವರು ಶುರು ಮಾಡಿದರು. ನೀವು ಅತ್ತೆಯ ಜೊತೆ ಎರಡು ಹೆಜ್ಜೆ ಕುಣಿದದ್ದನ್ನೂ ನೋಡಿದೆ. ಪದ್ಧತಿಯಂತೆ ಮಗಳು ಮಾಡಬೇಕಾದದ್ದು ಮುಗಿಯಿತು. ಏನೂ ಬಾಕಿ ಇಲ್ಲ.

ವಿಳಾಸ ಬದಲಾಗುತ್ತದೆ. ಹೊಸದನ್ನು ಕಳಿಸುವ ಅಂದಾಜಿಲ್ಲ. ಈ ಮನೆಗೆ ಆಗಸ್ಟ್ ಕೊನೆಯವರೆಗೆ ಕಾಗದ ಬರುತ್ತದೆ.

ನೊರ್ಕಾ


ಪುನಾತಾ
ಮಂಗಳವಾರ, 9 ಆಗಸ್ಟ್ 2016

ನೊರ್ಕಾ,

ನೀನು ಹೇಳಿದ್ದು ನಿಜ. ಇದನ್ನು ಯಾರಿಗೆ ಬೇಕಾದರೂ ತೋರಿಸು.

ನೀನು ಹೇಳದೆ ಉಳಿದದ್ದು ಒಂದಿದೆ, ನಿನಗೆ ಗೊತ್ತಿಲ್ಲದ್ದರಿಂದ. ನಿನ್ನ ಅಮ್ಮನಿಗೂ ಗೊತ್ತಿರಲಿಲ್ಲ. ನನಗೆ ಮೊದಲ ಮಂಗಳವಾರವೇ ತಿಳಿದಿತ್ತು, ಮೊದಲ ಚಮಚಕ್ಕೆ. ಸಾರು ಇಳಿಸುವ ಹೊತ್ತಿಗೆ ಅವಳು ವಕತಾಯ ಸೊಪ್ಪಿನ ಒಂದು ಎಲೆ ಹಾಕಿ, ಐದು ಎಣಿಸಿ, ತೆಗೆದುಬಿಡುತ್ತಿದ್ದಳು. ಈ ಊರಿನಲ್ಲಿ ಹಾಗೆ ಮಾಡುವವರು ಅವಳ ತಾಯಿ ಮತ್ತು ಅವಳು, ಇಬ್ಬರೇ.

ನಾಲಿಗೆಗೆ ಗೊತ್ತಾಗಲಿಲ್ಲವೇ ಎಂದು ಹೆನಾರೊ ಕೇಳಿದ. ಊರು ನನ್ನನ್ನು ದಡ್ಡನೆಂದು ನಗುತ್ತಿರುವಾಗ ನಾನು ಸುಮ್ಮನಿದ್ದದ್ದು, ಗೊತ್ತಿದ್ದೂ ನಟಿಸಿದವನಾಗುವುದಕ್ಕಿಂತ ದಡ್ಡನಾಗಿರುವುದೇ ವಾಸಿ ಎಂದು. ಸಾರು ಅಂದರೆ ಎಲೋದಿಯಾಳದ್ದು ಎಂದು ಸಂಜೆ ನಾನು ಹೇಳುವಾಗ ಅವಳು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅದು ಅವಳನ್ನು ಹೊಗಳುವ ನನ್ನ ರೀತಿ ಎಂದೂ ಅಂದುಕೊಂಡಿದ್ದೆ. 'ನೀನೂ ಇದ್ದೀಯ' ಎಂಬುದನ್ನು ಯಾಕೆ ಸೇರಿಸುತ್ತಿದ್ದೆ ಎಂದು ಕೇಳಬೇಡ.

ಪಾತ್ರೆ ಹೊತ್ತು ಹೋದದ್ದನ್ನು ಕಣ್ಣಾರೆ ನೋಡಿಲ್ಲ ಎಂದು ಬರೆದಿದ್ದೆ. ಅದು ಸುಳ್ಳಲ್ಲ. ನಾನು ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದೆ. ಕೇಳಿಸುತ್ತಿತ್ತು. ಮೊದಲು ಬಾಗಿಲ ಅಗಳಿ, ಆಮೇಲೆ ಅಂಗಳದಲ್ಲಿ ಅವಳು ಪಾತ್ರೆ ಕೆಳಗಿಟ್ಟು ಉಸಿರು ತೆಗೆದುಕೊಳ್ಳುವುದು, ಮತ್ತೆ ಎತ್ತುವುದು. ಕೊನೆಕೊನೆಗೆ ಅಂಗಳ ದಾಟುವಷ್ಟರಲ್ಲಿ ಮೂರು ಸಲ ಇಡುತ್ತಿದ್ದಳು. ನಾನು ಮೂರನ್ನೂ ಕೇಳಿ, ಮಗ್ಗುಲು ಬದಲಿಸುತ್ತಿದ್ದೆ.

ಆ ಪಾತ್ರೆಗೆ ಎರಡು ಹಿಡಿಗಳಿವೆ, ನೊರ್ಕಾ. ಇಬ್ಬರು ಹಿಡಿಯಲೆಂದೇ ಮಾಡಿದ್ದು.

ಎವರಿಸ್ಟೋ